ಅತ್ತೆಯನ್ನು ಉಳಿಸಿಕೊಂಡ ಸೊಪ್ಪು

ಹಿತ್ತಲಲ್ಲಿ ನಾಲ್ಕು ಗಿಡ ಹಾಕಿಕೊಂಡವರ ಮನೆಯಲ್ಲಿ ನಗೋದಕ್ಕೆ ಬರವಿಲ್ಲ. ಜೊತೆಗೆ ಬೆಂಗಳೂರಿಂದ ಅತ್ತೆಯೂ ಬಂದಿದ್ದರೆ ಕೇಳಲೇಬೇಡಿ.

ನಾವಿರೋದು ದೂರದ ಚಳಿ ದೇಶದ ಕಾರ್ಲ್‌ಸ್ಕ್ರೂನಾ ಅನ್ನೋ ಊರಲ್ಲಿ. ಜುಲೈನಲ್ಲಿ ನನಗೆ ಹೊಸ ಕೆಲಸ ಶುರು. ಅದೇ ತಿಂಗಳು ಮಗಳ ಡಾಗಿಸ್‌ಗೆ, ಅಂದರೆ ಶಿಶುವಿಹಾರಕ್ಕೆ, ರಜೆ. ಮಗು ನೋಡಿಕೊಳ್ಳಲಿ ಅಂತ ಅತ್ತೆಯನ್ನು ಮೇ ತಿಂಗಳಿಂದ ಆಗಸ್ಟ್‌ವರೆಗೆ ಕರೆಸಿದ್ದೆವು. ಬಂದ ವಾರಕ್ಕೇ ಅವರು, "ಸೊಪ್ಪೇ ಸಿಗದ ಊರಲ್ಲಿ ಹೆಂಗಿರ್ತೀರೇ? ನನ್ನ ಟಿಕೆಟ್ ಜೂನ್‌ಗೇ ಮಾಡ್ಸು" ಅಂದರು. ಅವರು ಹೊರಟರೆ ಜುಲೈನಲ್ಲಿ ಮಗು ನೋಡೋರು ಯಾರು? ಅವರನ್ನು ಹಿಡಿದಿಟ್ಟುಕೊಳ್ಳೋಕೆ ಅಂತಲೇ ನಾನೂ ನನ್ನ ಗಂಡನೂ ಹಿತ್ತಲು ಅಗೆದು ಹೀರೆ, ಮೆಂತ್ಯ, ಕೊತ್ತಂಬರಿ ಹಾಕಿದೆವು.

೧. ಚಳಿ

ಮೇ ಕೊನೆಯಲ್ಲೂ ಇಲ್ಲಿ ಒಂದೊಂದು ರಾತ್ರಿ ಇಬ್ಬನಿ ಹೆಪ್ಪುಗಟ್ಟಿ ಎಳೆ ಗಿಡ ಸುಟ್ಟುಹೋಗುತ್ತೆ. "ಏನಾದ್ರೂ ಹೊದಿಸಬೇಕು" ಅಂತ ನಾನು ಅಂದಿದ್ದನ್ನು ಅತ್ತೆ ಕೇಳಿಸಿಕೊಂಡಿದ್ದರು. ಬೆಳಗ್ಗೆ ನೋಡಿದರೆ ಒಂದು ಹೀರೆ ಸಸಿಗೆ ಮಂಕಿ ಕ್ಯಾಪು, ಇನ್ನೊಂದಕ್ಕೆ ನನ್ನ ಗಂಡನ ಉಣ್ಣೆ ಕಾಲುಚೀಲ! ಪಕ್ಕದ ಮನೆಯ ರಿಟೈರ್ಡ್ ಯಜಮಾನರು ಬೇಲಿ ಮೇಲಿಂದ ಬಗ್ಗಿ, "ನಿಮ್ಮ ದೇಶದಲ್ಲಿ ಗಿಡಕ್ಕೂ ಬಟ್ಟೆ ಹಾಕ್ತಾರಾ?" ಅಂತ ಕೇಳಿದರು.

ಅತ್ತೆಗೆ ಅದನ್ನೇ ಕನ್ನಡದಲ್ಲಿ ಹೇಳಿದೆ. ಅವರು ತಿರುಗಿ ಅಂದರು, "ಬರೀ ಚಡ್ಡೀಲಿ ನಿಂತ್ಕೊಂಡು ಕೇಳ್ತಿದಾರಲ್ಲ, ಮೊದಲು ತಾವೊಂದು ಶರ್ಟ್ ಹಾಕ್ಕೊಳ್ಳಲಿ ಅನ್ನು!"

೨. ನಿದ್ದೆ

ದೀಪ ಹಚ್ಚಿದ ಮೇಲೆ ಗಿಡ ಮುಟ್ಟಬಾರದು ಅನ್ನೋದು ಅತ್ತೆಯ ಕಟ್ಟುನಿಟ್ಟು. ಜೂನ್‌ನಲ್ಲಿ ಇಲ್ಲಿ ಊಟ ಮುಗಿದರೂ ಬಿಸಿಲು ಇಳಿಯಲ್ಲ. ಅತ್ತೆ ಮಾತ್ರ ಗಡಿಯಾರ ನೋಡಿ ಸಂಜೆ ದೀಪ ಹಚ್ಚಿಬಿಡ್ತಾರೆ. ಕೊತ್ತಂಬರಿ ಕೀಳೋಕೆ ಹೋದ ನನ್ನನ್ನು, "ಗಿಡ ಮಲಗಿದೆ, ಬಾ ಒಳಗೆ" ಅಂತ ಗದರಿದರು.

ಮಗಳನ್ನು ಮಲಗಿಸೋಕೂ ಅದೇ ಮಾತು. "ಗಿಡ ಎಲ್ಲಾ ಮಲಗಿವೆ, ನೀನೂ ಮಲಕ್ಕೋ ಪುಟ್ಟಿ."

ಅವಳು ಪರದೆ ಸರಿಸಿ ನೋಡಿದಳು. "ಸುಳ್ಳು ಅಜ್ಜಿ, ಎಲ್ಲಾ ನಿಂತ್ಕೊಂಡೇ ಇವೆ!"

೩. ಕಳೆ

ಇಷ್ಟೆಲ್ಲಾ ಮಾಡಿದರೂ ನಮ್ಮ ಮೆಂತ್ಯವನ್ನು ಬಸವನಹುಳು ನುಣ್ಣಗೆ ಮೇಯ್ದುಬಿಟ್ಟಿತು. ಅತ್ತೆ ಮತ್ತೆ ಟಿಕೆಟ್ ರಾಗ ತೆಗೆದರು. ಅಷ್ಟರಲ್ಲಿ ಒಂದು ದಿನ ಪಕ್ಕದ ಮನೆ ಯಜಮಾನರ ಆಲೂಗಡ್ಡೆ ಸಾಲಿನ ಮಧ್ಯೆ ಅತ್ತೆ ಕಣ್ಣಿಗೆ ಏನೋ ಬಿತ್ತು. "ಅಯ್ಯೋ, ಚಕ್ಕೋತ ಸೊಪ್ಪು ಕಣೇ!" ಇಲ್ಲಿ ಅದು ಬರೀ ಕಳೆ. ಕೇಳಿದ್ದಕ್ಕೆ ಯಜಮಾನರು, "ಧಾರಾಳವಾಗಿ ಕಿತ್ಕೊಳ್ಳಿ" ಅಂದರು.

ಅವತ್ತಿಂದ ದಿನಾ ಬೆಳಗ್ಗೆ ಅತ್ತೆ ಅಲ್ಲೇ. ಮನೆಯಲ್ಲಿ ದಿನಾ ಮಸ್ಸೊಪ್ಪು. ಟಿಕೆಟ್ ಸುದ್ದಿ ನಿಂತಿತು, ನಾನು ನೆಮ್ಮದಿಯಾಗಿ ಉಸಿರು ಬಿಟ್ಟೆ. ಆದರೆ ಯಜಮಾನರಿಗೆ ಸಂಕೋಚ. "ಪಾಪ, ಆ ವಯಸ್ಸಲ್ಲಿ ನನ್ನ ಕಳೆ ಕೀಳ್ತಾರೆ" ಅಂತ ಕೂರಿಸಿ ಕಾಫಿ, ದಾಲ್ಚಿನ್ನಿ ಬನ್ನು ಕೊಡೋರು.

ಅತ್ತೆ ಮನೆಗೆ ಬಂದು ನನ್ನ ಕಿವಿಯಲ್ಲಿ, "ಸೊಪ್ಪೂ ಕೊಟ್ಟು ಕಾಫೀನೂ ಕೊಡ್ತಾರಲ್ಲೇ! ಇವರಿಗೆ ವ್ಯವಹಾರಾನೇ ಗೊತ್ತಿಲ್ಲ" ಅಂದರು.

೪. ಬೇಲಿ

ಅಷ್ಟು ಕಾಫಿ ಕುಡಿದ ಋಣಕ್ಕೆ ಅತ್ತೆ ಅವರನ್ನು ಊಟಕ್ಕೆ ಕರೆದರು. ಅನ್ನ, ಮಸ್ಸೊಪ್ಪು, ಮೇಲೆ ತುಪ್ಪ. ಮನುಷ್ಯ ಮೂರು ಸಲ ಹಾಕಿಸಿಕೊಂಡರು. "ಇದು ಯಾವ ತರಕಾರಿ?" ಅಂತ ಕೇಳಿದರು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಆಗ್ತಿತ್ತು. "ನಿಮ್ಮ ಕಳೆ" ಅಂದುಬಿಟ್ಟೆ.

ಮರುದಿನ ಬೆಳಗ್ಗೆ ಅತ್ತೆ ಖಾಲಿ ಬುಟ್ಟಿ ಹಿಡಿದು ಧುಮುಗುಟ್ಟುತ್ತಾ ವಾಪಸ್ ಬಂದರು. ಹೋಗಿ ನೋಡಿದೆ. ಚಕ್ಕೋತ ಸೊಪ್ಪಿನ ಸುತ್ತ ಹೊಸ ಬಲೆ ಕಟ್ಟಿದೆ. ಜಾಗ ಸಾಲದು ಅಂತ ಆಲೂಗಡ್ಡೆ ಗಿಡಗಳನ್ನೇ ಕಿತ್ತು ರಾಶಿ ಹಾಕಿದ್ದಾರೆ. ಯಜಮಾನರು ಸೊಪ್ಪಿಗೆ ನೀರು ಹಾಕುತ್ತಾ, ಆ ರಾಶಿ ತೋರಿಸಿ, "ಕಳೆ ನಾನೇ ತೆಗೆದೆ, ನಿಮ್ಮ ಅತ್ತೆಗೆ ಇನ್ನು ತೊಂದರೆ ಇಲ್ಲ" ಅಂದರು.

ಮುಗೀತು, ಇನ್ನು ಅತ್ತೆ ಹೊರಡೋದೇ ಅಂದ್ಕೊಂಡೆ. ಒಳಗೆ ಬಂದು ಮೆಲ್ಲಗೆ, "ಅತ್ತೆ, ಟಿಕೆಟ್...?" ಅಂದೆ.

"ಟಿಕೆಟ್ಟಾ?" ಅತ್ತೆ ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿದರು. "ನಾನು ಆ ಕಡೆ ವಿಮಾನ ಹತ್ತಲಿ, ಈ ಕಡೆ ಅವರೊಬ್ಬರೇ ಕೂತು ಅಷ್ಟೂ ಸೊಪ್ಪು ತಿನ್ನಲಿ ಅಂತಾನಾ? ಆಗಸ್ಟ್‌ವರೆಗೂ ನಾನು ಇಲ್ಲಿಂದ ಕದಲಲ್ಲ!"