ಬಿಸಿನೀರಿನ ಜೋಕು

ಹೈದರಾಬಾದಿನ ಅಮೀರ್‌ಪೇಟೆಯಲ್ಲಿ ಜಪಾನಿ ಭಾಷೆ ಕಲಿಯುವಾಗ ನೋಡಿದ ಒಂದು ಹಳೇ ಕಾರ್ಟೂನಿನ ಜೋಕು ಜಯತೀರ್ಥನ ತಲೆಗೇರಿತ್ತು. ಕತ್ತಿ ಕುತ್ತಿಗೆಗೆ ಬಂದಾಗಲೆಲ್ಲ ಅದರ ನಾಯಕ ಬೆರಳೆತ್ತಿ, “ಮೊದಲು ಬಿಸಿನೀರು ಹಾಕಿ!” ಅನ್ನುತ್ತಿದ್ದ. ಅದು ಆ ಕಾಲದ ನೂಡಲ್ಸ್ ಜಾಹೀರಾತಿನ ಮಾತು.

“ಜಾಹೀರಾತೇ ಮರೆತುಹೋದ್ಮೇಲೆ ಜೋಕೆಲ್ಲಿ ಉಳಿಯುತ್ತೆ?” ಎಂದಳು ಆಫೀಸಿನಲ್ಲಿ ಅವನ ಪಕ್ಕ ಕೂರುವ ಮೈಸೂರಿನ ಪೂರ್ವಿ.

“ಛಲೋ ಜೋಕಿಗೆ ವಯಸ್ಸಾಗಂಗಿಲ್ರಿ. ಇವತ್ತ ಟೋಕಿಯೋದವ್ರು ಬರ್ತಾರಲ್ಲ, ನಗಿಸಿ ತೋರಸ್ತೀನಿ.”

ಬರುವವರು ಹೊಸ ವೆಬ್‌ಸೈಟ್ ಕೆಲಸಕ್ಕೆ ಒಬ್ಬರನ್ನು ಆರಿಸಿ ಟೋಕಿಯೋಗೆ ಕರೆದೊಯ್ಯುವವರಿದ್ದರು. ಜಯತೀರ್ಥ ಆಗಲೇ ಸುಲ್ತಾನ್ ಬಜಾರಿನಲ್ಲಿ ಸ್ವೆಟರ್ ಕೊಂಡಿದ್ದ.

ಮೀಟಿಂಗಿನಲ್ಲಿ ತನ್ನ ಸರದಿ ಬಂದದ್ದೇ ಬೆರಳೆತ್ತಿ, ಜಪಾನಿಯಲ್ಲೇ ಆ ಮಾತು ಹೇಳಿದ.

ಕಿರಿಯ ಅತಿಥಿ ತನಾಕಾ ಕಣ್ಣು ಪಿಳಿಪಿಳಿ ಬಿಟ್ಟ. “ಇವರಿಗೆ ಬಿಸಿನೀರು ಬೇಕಂತೆ,” ಎಂದ.

ಮ್ಯಾನೇಜರ್ ಗುರುಸಿದ್ದಪ್ಪನವರು ಗಾಬರಿಯಾಗಿ ಬಾಗಿಲಿಗೆ ಓಡಿದರು. “ಗರಂ ಪಾನಿ ಲಾವ್ ರೇ!” ಲೋಟ ಬಂತು. “ಗಂಟಲಾ ಕೆಟ್ಟೈತೇನೋ? ಕುಡಿ ಮೊದ್ಲ!”

ಮರ್ಯಾದೆಗೆ ಕುಡಿದ. ನಾಲಿಗೆ ಸುಟ್ಟಿತು. ಸುಟ್ಟ ನಾಲಿಗೆಯಲ್ಲೇ ಜಾಹೀರಾತನ್ನು ವಿವರಿಸಹೊರಟ. ಪಾಪ ಅನಿಸಿ ಪೂರ್ವಿ ಬೋರ್ಡಿನ ಮೇಲೆ ನೂಡಲ್ಸ್ ಬಟ್ಟಲು ಬರೆದಳು; ಅದು ಕಾಗೆಗೂಡಿನಂತೆ ಕಂಡಿತು. ಜೋಕು ಪಂಕ್ಚರಾದ ಆಟೋದ ಹಾಗೆ ಒಂದು ಕಡೆ ವಾಲಿ ನಿಂತಿತು.

ಅಷ್ಟರಲ್ಲಿ, ಮೂಲೆಯಲ್ಲಿ ತೂಕಡಿಸುತ್ತಿದ್ದ ಹಿರಿಯ ಅತಿಥಿ ಮೊರಿತಾ ದಡಕ್ಕನೆ ಎಚ್ಚೆತ್ತು ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ಅವನು ನಕ್ಕನೆಂದು ಗುರುಸಿದ್ದಪ್ಪನವರೂ ನಕ್ಕರು. ಮೊರಿತಾ ಕಣ್ಣೊರೆಸಿಕೊಂಡು, “ಈ ಹುಡುಗ ನನಗೆ ಬೇಕು!” ಎಂದ.

ಜಯತೀರ್ಥ ಪೂರ್ವಿಯ ಕಡೆ ತಿರುಗಿ ಹುಬ್ಬು ಹಾರಿಸಿದ.

“ಮೊರಿತಾ ಅವರ ವಿಭಾಗ ಬೇರೆ,” ಎಂದ ತನಾಕಾ. “ಆ ಕಾಲದಲ್ಲಿ ಬರೆದ ಗೋದಾಮಿನ ಪ್ರೋಗ್ರಾಮ್ ಒಂದಿದೆ. ಬರೆದವರು ಅದರ ತುಂಬ ಅಂದಿನ ಕಾರ್ಟೂನು, ಜಾಹೀರಾತುಗಳ ಜೋಕುಗಳನ್ನೇ ತುರುಕಿದ್ದಾರೆ. ನಮ್ಮ ಹುಡುಗರಿಗೆ ಒಂದೂ ಅರ್ಥವಾಗದು. ನೀವು ಇಲ್ಲೇ ಕೂತು ಅದನ್ನು ನೋಡಿಕೊಳ್ಳಿ. ವೆಬ್‌ಸೈಟ್ ಕೆಲಸಕ್ಕೆ ಟೋಕಿಯೋಗೆ ಈ ಚಿತ್ರ ಬರೆದವರು ಬರಲಿ.”

ಸಂಜೆಯೊಳಗೆ ಪ್ರೋಗ್ರಾಮ್ ಜಯತೀರ್ಥನ ಕೈಸೇರಿತು. ಸೇರಿದ ಕೂಡಲೇ ನಿಂತೂಹೋಯಿತು. ಪರದೆಯ ಮೇಲೆ ಒಂದೇ ಸಾಲು.

“ಏನಂತೈತೋ?” ಎಂದರು ಗುರುಸಿದ್ದಪ್ಪ.

“ನಮ್ಮತ್ತಿ ಮೂಲಂಗಿ ಓಡಿಹೋಗೇತಂತರಿ.”

“ಹಂಗಂದ್ರ?”

ಜಯತೀರ್ಥ ಅರ್ಥ ಕೇಳಲು ಮೊರಿತಾನ ಹೋಟೆಲಿಗೆ ಫೋನು ಹಚ್ಚಿ ಸಾಲನ್ನು ಓದಿದ. ಆ ಕಡೆಯಿಂದ ಮೊದಲು ನಗು ಬಂತು, ಆಮೇಲೆ ಕೆಮ್ಮು, ಆಮೇಲೆ ಬಿಕ್ಕಳಿಕೆ.

“ಇನ್ನೊಂದು ಸಲ ಓದಪ್ಪ,” ಎಂದ ಮೊರಿತಾ.

ಓದಿದ. ಮುದುಕ ಮತ್ತಷ್ಟು ಜೋರಾಗಿ ನಕ್ಕು, ಧನ್ಯವಾದ ಹೇಳಿ ಫೋನಿಟ್ಟ.