ಪಕ್ಕಾ ರಂಗಿನ ಸುರಗಿ ಸೀರೆ

ಸೀರೆಯ ಗಂಟು ಹೊತ್ತು ಊರೂರು ತಿರುಗುವವನಿಗೆ ಇಂಥವು ಆಗುತ್ತಲೇ ಇರುತ್ತವೆ. ಆದದ್ದನ್ನೆಲ್ಲ ನಮ್ಮೂರು ಆದೋನಿಗೆ ವಾಪಸು ಬಂದು ಹೆಂಡತಿಗೆ ಹೇಳುತ್ತಿದ್ದೆ. ನಾನು ಹೇಳಿದರೆ ನಾಲ್ಕು ಮಾತು. ಅವೇ ನಾಲ್ಕನ್ನು ಆಕೆ ಓಣಿಯಲ್ಲಿ ಹೇಳಿದರೆ ಹೆಂಗಸರು ಹೊಟ್ಟೆ ಹಿಡಿದುಕೊಂಡು ಕೂರುತ್ತಿದ್ದರು. ಗಂಟು ನನ್ನದು, ನಗು ಆಕೆಯದು. ಹೋದ ಕಾರ್ತಿಕದಲ್ಲಿ ಆಕೆ ಹೋದಳು. ನಾಲ್ಕು ದಿನದ ಜ್ವರ. ಈಗ ಹೇಳುವವರಿಲ್ಲ ಅಂತ ನಾನೇ ಬರೆಯುತ್ತಿದ್ದೇನೆ. ಓದಿದ್ದು ಎರಡನೇ ಕ್ಲಾಸು. ನಗು ಬರದಿದ್ದರೆ ತಪ್ಪು ನನ್ನದು.

ಮೊದಲು ಒಂದು ಮಾತು. ನಮ್ಮ ಕಡೆ ಮದುವೆಗೆ ಮುಂಚೆ ಸುರಗಿ ಸುತ್ತುತ್ತಾರೆ. ನಾಲ್ಕು ಮೂಲೆಗೆ ನಾಲ್ಕು ಚೆಂಬು ಇಟ್ಟು, ನೂಲು ಸುತ್ತಿ, ನಡುವೆ ಮದುಮಕ್ಕಳನ್ನು ಕೂಡಿಸಿ, ಅರಿಶಿಣ ಹಚ್ಚಿ ನೀರು ಹಾಕುತ್ತಾರೆ. ಆಗ ಮದುಮಗಳು ಉಟ್ಟ ಸೀರೆ ಆಮೇಲೆ ಅಗಸರ ಹೆಂಗಸಿನ ಪಾಲು. ಮದುಮಗಳಿಗೆ ಅದರ ಮೇಲಿನ ಹಕ್ಕು ಒಂದು ಸ್ನಾನದಷ್ಟು. ಆರಿಸುವುದಕ್ಕೆ ಮಾತ್ರ ಒಂದು ದಿನ ಸಾಲುವುದಿಲ್ಲ.

ಹೊಳಗುಂದದ ಹುಡುಗಿ

ಹೊಳಗುಂದದಲ್ಲಿ ಒಂದು ಮನೆ. ಪಡಸಾಲೆಯಲ್ಲಿ ಗಂಟು ಬಿಚ್ಚಿದೆ. ಸುತ್ತ ಎಂಟು ಹೆಂಗಸರು ಕೂತರು.

"ಕೆಂಪು ಬ್ಯಾಡ. ನೀರು ಬಿದ್ರ ಕರ್ರಗ ಕಾಣತೈತಿ" ಅಂದಳು ದೊಡ್ಡಮ್ಮ.

"ಹಳದಿ ಬ್ಯಾಡ. ಅರಿಶಿಣ ಹಚ್ಚಿದ್ದಾ ಗೊತ್ತಾಗಲ್ಲ" ಅಂದಳು ಸೋದರತ್ತೆ.

"ಹಸಿರು?"

"ನಮ್ಮ ನಾದಿನಿ ಹಸಿರು ಉಟ್ಟಿದ್ಲು. ಆಕಿ ಬಾಳೇವು ನೋಡೀಯಲ್ಲ."

ಆ ಮನೆಯ ಅಜ್ಜಿ ತೆಲುಗಿನವಳು. "ರೇಪು ರಮ್ಮನು ವಾಣ್ಣಿ" ಅಂದಳು. ನಾಳೆ ಬರಲಿ ಅಂತ. ನಾನು ಆಗಲೇ ಮೂರು ದಿನದಿಂದ ಬರುತ್ತಿದ್ದೆ. ಮಧ್ಯಾಹ್ನ ಇಳಿದ ಮೇಲೆ ಯಾರಿಗೋ ಮದುಮಗಳ ನೆನಪಾಯಿತು. ಹುಡುಗಿ ಒಳಗೆ ಇವರೆಲ್ಲರಿಗೆ ರೊಟ್ಟಿ ಬಡಿಯುತ್ತಿತ್ತು. ಹಿಟ್ಟಿನ ಕೈ ಒರಸಿಕೊಂಡು ಬಂದು ಒಂದು ಸಲ ನೋಡಿ, "ಅದು" ಅಂದಿತು.

ತೋರಿಸಿದ್ದು ನಾನು ಗಂಟು ಕಟ್ಟುವ ಹಳೇ ಬಟ್ಟೆ.

"ತಂಗಿ, ಅದು ಗಂಟಿನ ಬಟ್ಟಿ."

"ಗೊತ್ತೈತಣ್ಣ. ಅದೊಂದಕ್ಕ ಇನ್ನೂ ಯಾರೂ ಹೆಸರಿಟ್ಟಿಲ್ಲ."

ಕೋಸಗಿಯ ಅಗಸರಾಕೆ

ಕೋಸಗಿಯ ಒಬ್ಬ ತಾಯಿ ಬಲು ಜುಗ್ಗಿ. ಒಂದು ಸ್ನಾನಕ್ಕೆ ಯಾತರ ಸೀರೆ ಅಂತ ಇದ್ದುದರಲ್ಲೇ ತೆಳ್ಳಂದು ಎತ್ತಿ ಮಗಳ ಹೆಗಲ ಮೇಲೆ ಹಾಕಿದಳು. ಮಗಳು ಹೂಂ ಅಂದಳು. ಹೊಸ್ತಿಲಾಚೆ ಆ ಮನೆಯ ಬಟ್ಟೆ ಒಗೆಯುವ ಅಗಸರಾಕೆ ಕೂತಿದ್ದಳು.

"ಒಂದು ಚೆಂಬು ನೀರು ಬಿದ್ರ ಮೈಗೆ ಅಂಟಗೊಂತೈತಿ ತಾಯಿ. ಬೀಗರ ಕಡೆ ಗಂಡಸರು ನಿಂತಿರತಾರ."

ತಾಯಿ ಅದನ್ನು ಕೆಳಗಿಟ್ಟಳು. ಇನ್ನೊಂದು ಎತ್ತಿದಳು.

"ಇದು ತೊಯ್ದರ ಮೊಳಕಾಲಿಗೆ ಏರತೈತಿ. ಒಗಿಯಾಕಿಗೆ ಗೊತ್ತಾಗಲ್ಲೇನು."

ಅದೂ ಕೆಳಗೆ. ಹೀಗೆ ಒಂದೊಂದಾಗಿ ಇಳಿದು, ನಾನು ಬರೀ ತೋರಿಸುವುದಕ್ಕೆ ಅಂತ ಇಟ್ಟುಕೊಂಡಿದ್ದ ದುಬಾರಿ ಬೆಲೆಯ, ದಪ್ಪ ಕೆಂಪಂಚಿನ ಸೀರೆಯೇ ಗತಿ ಅಂತಾಯಿತು. ತಾಯಿಯ ಮುಖ ನೋಡಲಾರದಂತಾಗಿತ್ತು.

"ಇಂಥಾದನ್ನ ಉಟ್ಟು ನೀರು ಹಾಕಿಸ್ಕೊಂಬೋದೇನ?"

"ನಿನ್ನ ಮಗಳ ಭಾಗ್ಯ, ತಾಯಿ" ಅಂದು ಅಗಸರಾಕೆ ನನ್ನ ಕಡೆ ಬಗ್ಗಿ ಮೆಲ್ಲಗೆ ಕೇಳಿದಳು: "ಅಣ್ಣ, ಇದರಾಗ ಹಸಿರಂಚಿಂದು ಇಲ್ಲೇನು? ಕೆಂಪಂಚು ನನಗ ಒಪ್ಪಲ್ಲ."

ನನ್ನ ಮದುವೆ

ನನಗೆ ಗೊತ್ತುಮಾಡಿದ ಹುಡುಗಿ ಸಿ. ಬೆಳಗಲ್ ಕಡೆಯವಳು. ಅವರ ಪದ್ಧತಿಯಲ್ಲಿ ಸುರಗಿ ಸೀರೆ ಗಂಡಿನ ಕಡೆಯಿಂದ ಹೋಗಬೇಕು. ನನಗೆ ಹಿರಿಯರಿಲ್ಲ, ನಾನೇ ಗಂಟು ಹೊತ್ತು ಹೋದೆ. ಎರಡು ತೆಗೆದಿಟ್ಟೆ. ಒಂದು ಕೆಂಪು, ಒಂದು ನೀಲಿ. ಬಾಗಿಲ ಹಿಂದಿನಿಂದ ದನಿ ಬಂತು: "ಕೆಂಪು."

ಕೆಂಪು ನಾಳೆಯೇ ಮಾರಿ ಹೋಗುವಂಥದ್ದು. ನೀಲಿಯನ್ನು ಎರಡು ವರ್ಷದಿಂದ ಹೊತ್ತು ತಿರುಗುತ್ತಿದ್ದೆ. ಹೇಗೂ ಅಗಸರ ಪಾಲಾಗುವುದು ಅಂತ ಲೆಕ್ಕ ಹಾಕಿ ಹುಡುಗಿಯ ಅವ್ವನಿಗೆ ಹೇಳಿದೆ: "ಕೆಂಪು ಯಾರಿಗೋ ಹೇಳಿಟ್ಟದ್ದೈತ್ರಿ. ನೀಲಿ ತಗೋರಿ. ಪಕ್ಕಾ ರಂಗು."

ಅವ್ವ ನೀಲಿಯನ್ನು ಎತ್ತಿಕೊಂಡು ಒಳಗೆ ಹೋದಳು.

ಮದುವೆ ನಮ್ಮ ಓಣಿಯಲ್ಲಿ. ಸುರಗಿಗೆ ಇಬ್ಬರನ್ನೂ ಪಕ್ಕ ಪಕ್ಕ ಕೂಡಿಸಿದರು. ಅರಿಶಿಣ ಹಚ್ಚಿದರು. ನೀರು ಹಾಕಿದರು. ಅರಿಶಿಣದ ಮೇಲೆ ನೀಲಿ ಇಳಿದರೆ ಏನಾಗುತ್ತದೆ ಅಂತ ಸೀರೆ ಮಾರುವ ನನಗೆ ಅವತ್ತು ಗೊತ್ತಾಯಿತು. ಆಕೆ ಕೊರಳಿಂದ ಕಾಲಿನ ತನಕ ಗಿಳಿಯಂತೆ ಹಸಿರಾದಳು. ಆ ನೀರು ಹರಿದು ಬಂದು ನಾನೂ ಹಸಿರಾದೆ. ಆಕೆ ತಲೆ ಎತ್ತದೆ ನನ್ನೊಡನೆ ಮೊದಲ ಮಾತು ಆಡಿದಳು:

"ಪಕ್ಕಾ ರಂಗು?"

ನಮ್ಮ ಓಣಿಯ ಅಗಸರ ಅವ್ವ ಸೀರೆಗೆ ಕೈ ಚಾಚಿದಳು. ನನ್ನಾಕೆ ಕೊಡಲಿಲ್ಲ. "ಈತ ಸುಳ್ಳು ಹೇಳಿದ್ದಕ್ಕ ಸಾಕ್ಷಿ ಇದೊಂದಾ. ಕೊಡಲ್ಲ." ಒಗೆಯದೆ ಹಾಗೇ ಒಣಗಿಸಿ ಪೆಟ್ಟಿಗೆಯಲ್ಲಿ ಇಟ್ಟಳು. ಅಲ್ಲಿಂದ ಮುಂದೆ ಅಗಸರ ಅವ್ವ ಹಬ್ಬಕ್ಕೊಮ್ಮೆ ಬಂದು "ನನ್ನ ಸೀರಿ" ಅನ್ನುವಳು. ಆಕೆ "ಬರೋ ಹಬ್ಬಕ್ಕ" ಅನ್ನುವಳು. ನಾನು ಮನೆಗೆ ಬಂದ ಗಿರಾಕಿಗೆ ಪಕ್ಕಾ ರಂಗು ಅಂತ ಬಾಯಿ ತೆರೆದರೆ ಸಾಕು, ಒಳಗೆ ಪೆಟ್ಟಿಗೆಯ ಮುಚ್ಚಳ ಕಿರ್ ಅನ್ನುತ್ತಿತ್ತು.

ಕೆಂಪು ಸೀರೆ

ಆಕೆಗೊಂದು ಕೆಂಪು ಸೀರೆ ತರುತ್ತೇನೆ ಅಂತ ಪ್ರತಿ ವರ್ಷ ಹೇಳಿದೆ. ಪ್ರತಿ ವರ್ಷ ತಂದೆ. ತಂದದ್ದನ್ನು ಯಾರಾದರೂ ಕೇಳುತ್ತಿದ್ದರು, ಕೊಟ್ಟುಬಿಡುತ್ತಿದ್ದೆ. "ಸತ್ತಾಗರ ಉಡಸ್ರಿ. ಆಗ ಬಾಗಿಲ ಹಿಂದ ನಿಂತು ಕೇಳಾಕ ಬರಲ್ಲ ನಾನು" ಅನ್ನುತ್ತಿದ್ದಳು. ಓಣಿಯೆಲ್ಲ ನಗುತ್ತಿತ್ತು. ನಾನೂ ನಗುತ್ತಿದ್ದೆ.

ಆಮೇಲೆ ಯುದ್ಧ ಬಂತು. ಬಟ್ಟೆಗೆ ಕಂಟ್ರೋಲ್ ಬಂತು. ಚೀಟಿ ಇಲ್ಲದೆ ಒಂದು ಗಜ ಸಿಗದು.

ಕಾರ್ತಿಕದ ಆ ಬೆಳಿಗ್ಗೆ ಹೆಂಗಸರು ಕೇಳಿದರು: "ಮುತ್ತೈದಿ ಹೋಗ್ಯಾಳ. ಹೊಸಾದು ಒಂದು ಕೆಂಪು ತಗಿಯಪ್ಪ." ಗಂಟು ಬಿಚ್ಚಿದೆ. ಎರಡು ಟವೆಲು ಇದ್ದವು. ಪಕ್ಕದ ಮನೆಯಾಕೆ ತನ್ನದೊಂದು ಕೊಟ್ಟಳು. ಹದಿನೈದು ವರ್ಷ ಆಕೆಯ ಕಣ್ಣೆದುರು ಸೀರೆ ಮಾರಿದೆ. ಆಕೆ ಪಕ್ಕದ ಮನೆಯ ಸೀರೆಯಲ್ಲಿ ಹೋದಳು.

ಇದರಲ್ಲಿ ನಗುವಂಥದ್ದು ನನಗೆ ಕಾಣುವುದಿಲ್ಲ. ಆಕೆ ಇದ್ದಿದ್ದರೆ ಏನಾದರೂ ಹುಡುಕುತ್ತಿದ್ದಳು.

ಕಡೆಯದು

ಹೋದವರ ಬಟ್ಟೆಯೂ ಅಗಸರಿಗೆ ಸೇರುತ್ತದೆ. ಓಣಿಯ ಅಗಸರ ಅವ್ವ ಬಂದಳು. ಎಲ್ಲ ಕೊಟ್ಟೆ.

"ಇನ್ನೊಂದೈತಿ" ಅಂದಳು.

"ಇಲ್ಲ."

"ಇಲ್ಲ?"

"ಪಕ್ಕಾ ಇಲ್ಲ."

ಪೆಟ್ಟಿಗೆ ಕಡೆ ಒಂದು ಸಲ ನೋಡಿ ಹೋದಳು. ಆ ನೀಲಿ ಒಂದೇ ನನಗೆ ಉಳಿದದ್ದು. ಅದರ ಮಡಿಕೆಯನ್ನು ಆಕೆ ಮಾಡಿದ ಹಾಗೇ ಬಿಟ್ಟಿದ್ದೆ.

ಮಾಘದಲ್ಲಿ ಮತ್ತೆ ಬಂದಳು. ಜೊತೆಗೆ ಮೊಮ್ಮಗಳು. ಎಂಟು ದಿನಕ್ಕೆ ಮದುವೆ, ಎಲ್ಲೂ ಬಟ್ಟೆ ಇಲ್ಲ.

"ನಾನು ಕೇಳಾಕ ಬಂದಿಲ್ಲಪ್ಪ. ಹುಡುಗಿ ಸುರಗಿ ಸೀರಿ ಆರಿಸಾಕ ಬಂದಾಳ."

ಗಂಟು ಬಿಚ್ಚಿದೆ. ಅವೇ ಟವೆಲು. ಹುಡುಗಿ ಟವೆಲು ನೋಡಿತು, ಗೋಡೆ ನೋಡಿತು. "ಆ ಪೆಟ್ಟಿಗ್ಯಾಗ ಏನೈತಿ ಮಾವ?" ಅಂದಿತು. ಬಾಗಿಲ ಹಿಂದಿನ ದನಿ ಕೇಳಿದ ಹಾಗಾಯಿತು. ಎದ್ದು ತೆಗೆದೆ. ಹೆಗಲ ಮೇಲೆ ಹಾಕಿಕೊಂಡು "ಇದಾ" ಅಂದಿತು. ಸೆರಗು ಇನ್ನೂ ನನ್ನ ಕೈಯಲ್ಲೇ ಇತ್ತು.

"ತಾಯಿ, ಅದು ಬಣ್ಣ ಬಿಡತೈತಿ. ಕಚ್ಚಾ ರಂಗು" ಅಂದೆ. ಗಂಟು ಹೊತ್ತ ಮೇಲೆ ಮೊದಲ ಸಲ ಆ ಮಾತು ಬಾಯಿಂದ ಬಂತು.

ಅವ್ವ ನಕ್ಕಳು. "ಕೊಡೋ ಮನಸಿಲ್ಲಂತ ಹೇಳು. ಇಷ್ಟು ವರ್ಷ ಪೆಟ್ಟಿಗ್ಯಾಗ ಕುಂತ ಬಣ್ಣ, ಬಿಡೋದು ಮರ್ತಿರತೈತಿ."

"ಸುರಗಿ ಆದ ಮ್ಯಾಲ ಯಾರಿಗೆ ಕೊಡತೀರಬೇ, ಅಗಸರು ನೀವಾ ಅಲ್ಲೇನು?" ಅಂದೆ.

"ನನಗ ನಾನಾ ಕೊಟ್ಕಂತೀನಿ. ನನ್ನ ಸೀರಿ ಅದು."

ಕೈ ಬಿಟ್ಟೆ.

ಸುರಗಿ ದಿನ ಹಂದರದ ಹಿಂದೆ ನಿಂತಿದ್ದೆ. ಮೊದಲ ಬಿಂದಿಗೆ ಹಾಕಿದರು. ಏನೂ ಆಗಲಿಲ್ಲ. ಎರಡನೆಯದು ಹಾಕಿದರು. ಅವ್ವ ನನ್ನ ಕಡೆ ತಿರುಗಿ, ನೋಡಿದೇನು ಅನ್ನುವ ಹಾಗೆ ಕತ್ತು ಕೊಂಕಿಸಿದಳು. ಮೂರನೆಯದಕ್ಕೆ ಬಣ್ಣ ಇಳಿಯಿತು. ಹುಡುಗಿ ಹಸಿರು, ಪಕ್ಕದಲ್ಲಿ ಮದುಮಗ ಹಸಿರು, ತಡೆಯುವುದಕ್ಕೆ ಹೋದ ಅವ್ವನ ಎರಡು ಕೈ ಮೊಳಕೈ ತನಕ ಹಸಿರು. ಆ ಕೈ ನನ್ನ ಕಡೆ ಚಾಚಿ ಎಲ್ಲರೆದುರು ಅಂದಳು:

"ಈ ಮನುಷ್ಯ ಜಲ್ಮದಾಗ ಒಂದಾ ಸಲ ನಿಜ ಹೇಳಿದ. ಅದನ್ನ ನಾನು ನಂಬಲಿಲ್ಲ ನೋಡು."

ಹಂದರವೆಲ್ಲ ನಕ್ಕಿತು. ನನಗೂ ನಗು ಬಂತು. ಕಾರ್ತಿಕದಿಂದ ಈಚೆ ಮೊದಲ ಸಲ. ಊಟಕ್ಕೆ ನಿಲ್ಲದೆ ಬಿರಬಿರನೆ ನಡೆದೆ. ನಾಲ್ಕು ಮಾತು ಬಾಯಲ್ಲೇ ಇದ್ದವು, ಆರಿಹೋಗುವ ಮುಂಚೆ ಹೇಳಬೇಕಿತ್ತು. ಬಾಗಿಲು ನೂಕಿ, "ಏ, ಕೇಳಿಲ್ಲಿ. ಮತ್ತ ಹಸಿರಾತು" ಅಂದೆ.

ಅಂದು, ಕಿವಿಗೊಟ್ಟು ನಿಂತೆ.

ಒಳಗೆ ಮುಚ್ಚಳ ಕಿರ್ ಅನ್ನಲಿಲ್ಲ.