ಹತ್ತು ಕಾಲಿನ ಗುರು, ಅತ್ತೆಯ ಬಲಗೈ

ನಮ್ಮ ಸೋದರಮಾವನಿಗೆ ಅರವತ್ತು ದಾಟಿದ ಮೇಲೆ ಒಬ್ಬ ಗುರು ಸಿಕ್ಕಿದ. ಆ ಗುರುವಿಗೆ ಹತ್ತು ಕಾಲು! ಹೇಮಾವತಿ ಹೊಳೆಯಿಂದ ಹಿಡಿದು ತಂದು, ನೀಲಿ ಪ್ಲಾಸ್ಟಿಕ್ ಟಬ್ಬಿನಲ್ಲಿ ಕೂರಿಸಿ, ದಿನಾ ಬೆಳಗ್ಗೆ ಅದರ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು ಪಾಠ ಹೇಳಿಸಿಕೊಳ್ಳುತ್ತಿದ್ದರು. ಏಡಿಯ ಶಿಷ್ಯನಾದ ಮನುಷ್ಯನನ್ನು ನೀವು ಬೇರೆಲ್ಲಾದರೂ ನೋಡಿದ್ದೀರಾ?

ಆದರೆ ಏಡಿಗಿಂತ ಮೊದಲು ಒಂದು ಭಾನುವಾರದ ಮಾತು ಹೇಳಬೇಕು. ಅದು ನಮ್ಮ ಕೊನೆಯ ಸಾಧಾರಣ ದಿನ. ಮಾವ ಬಸ್ ಡಿಪೋದ ಮೆಕ್ಯಾನಿಕ್ ಕೆಲಸದಿಂದ ನಿವೃತ್ತರಾಗಿ ಎರಡು ತಿಂಗಳಾಗಿತ್ತು. ಹೊಳೆನರಸೀಪುರದಲ್ಲಿ ಅವರ ಮನೆಗೂ ನನ್ನ ಟೈಲರ್ ಅಂಗಡಿಗೂ ನಡುವೆ ಒಂದೇ ಗೋಡೆ. ಹಾಗಾಗಿ ಮಧ್ಯಾಹ್ನದ ಊಟ ನನಗೆ ಅಲ್ಲೇ. ಅತ್ತೆ ಕೈಗೆ ನೀರು ಮುಟ್ಟಿಸಿಕೊಂಡು, ಹಬೆಯಾಡುವ ಹಿಟ್ಟನ್ನು ಮರದ ಹಲಗೆಯ ಮೇಲೆ ಎರಡು ಸುತ್ತು ಉರುಳಿಸಿ ತಟ್ಟೆಗೆ ಹಾಕಿದರೆ, ಮುದ್ದೆಯ ಮೇಲೆ ಒಂದು ಗೆರೆಯೂ ಕಾಣುತ್ತಿರಲಿಲ್ಲ.

"ಇವತ್ತು ಮುದ್ದೆ ಒಸಿ ಗಟ್ಟಿ ಆಯ್ತು ಕಣೇ," ಎಂದರು ಮಾವ.

"ಮೂವತ್ತು ವರ್ಸ ನಟ್ಟು ಬೋಲ್ಟು ತಿರುಗಿಸಿದ ಕೈಗೆ ಮುದ್ದೆ ಗಟ್ಟಿ ಆಯ್ತಾ? ಅಂಗಾದ್ರೆ ಇಕ್ಕಳ ತಕ್ಕೊಡ್ಲಾ?" ಎಂದರು ಅತ್ತೆ.

ಮಾವ ಇನ್ನೊಂದು ಮುದ್ದೆ ಹಾಕಿಸಿಕೊಂಡು ಉಂಡು, ಚಾಪೆಯ ಮೇಲೆ ಬಿದ್ದುಕೊಂಡು ಗೊರಕೆ ಹೊಡೆದರು. ನಾನು ಒಂದು ಬ್ಲೌಸಿಗೆ ಕೊಕ್ಕೆ ಹಾಕಿದೆ. ಅಷ್ಟೇ.

ಮರುದಿನ ಬೆಳಗ್ಗೆ ಅತ್ತೆಗೆ ಲಕ್ವ ಹೊಡೆಯಿತು. ಹಾಸನದ ಆಸ್ಪತ್ರೆಯಲ್ಲಿ ಮೂರು ವಾರ ಇದ್ದೆವು. ಮಾತು ತಿರುಗಿ ಬಂತು. ಕಾಲು ಬಂತು. ಬಲಗೈ ಮಾತ್ರ ಬರಲಿಲ್ಲ.

ಮನೆಯಲ್ಲಿ ಅತ್ತೆ ಎಡಗೈಯಲ್ಲಿ ಉಣ್ಣುವುದನ್ನು ಕಲಿತರು. ಆದರೆ ಪಂಕ್ತಿಯಲ್ಲಿ? ಅಕ್ಕಪಕ್ಕ ನೆಂಟರು ಕುಳಿತಿರುವಾಗ ಎಲೆಗೆ ಎಡಗೈ ಹಾಕುವುದು ಹೇಗೆ? ಅತ್ತೆ ಮದುವೆ, ನಾಮಕರಣ, ಬೀಗರೂಟ ಎಲ್ಲಕ್ಕೂ ಹೋಗುವುದನ್ನು ಬಿಟ್ಟರು. ಸ್ಪೂನಿನಲ್ಲಿ ಉಣ್ಣಿ ಎಂದು ಯಾರೋ ಹೇಳಿದ್ದಕ್ಕೆ, "ಸ್ಪೂನಲ್ಲಿ ಮುದ್ದೆ ಉಣ್ಣೋಳ್ನ ನೋಡೋಕೆ ಟಿಕೀಟು ಇಡ್ತೀರಾ?" ಎಂದು ಕೇಳಿದರು. ಹೇಳಿ ನಕ್ಕರು. ಆಮೇಲೆ ಒಳಗೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ.

ಅಂದೇ ಮಾವ ಬಾಗಿಲ ಹೊರಗೆ ನಿಂತು ಕೂಗಿದ್ದು: "ನಿನ್ನ ಬಲಗೈಲೇ ಪಂಕ್ತೀಲಿ ಮುದ್ದೆ ಮುರಿಸ್ತೀನಿ ಕಣೇ!"

"ಇದೇನು ಬಸ್ಸಿನ ಗೇರ್ ಬಾಕ್ಸಾ?" ಎಂದು ಒಳಗಿನಿಂದ ಉತ್ತರ ಬಂತು.

ಅಲ್ಲಿಂದ ಶುರುವಾಯಿತು ಮಾವನ ವಿದ್ಯಾಭ್ಯಾಸ. ಹಲ್ಲಿಯ ಪಾದ ನೋಡಿ ಗೋಡೆ ಹತ್ತುವ ಯಂತ್ರ, ಮೀನಿನ ಬಾಲ ನೋಡಿ ಈಜುವ ಯಂತ್ರ, ಸೋತ ಕೈಕಾಲಿಗೆ ಮೇಲಿನಿಂದ ತೊಡಿಸುವ ಯಂತ್ರದ ಮೂಳೆ, ಮನಸ್ಸಿನಲ್ಲಿ ನೆನೆದದ್ದನ್ನು ಮಿದುಳಿನಿಂದಲೇ ಓದಿ ಯಂತ್ರಕ್ಕೆ ಹೇಳುವ ಟೋಪಿ. ಇವನ್ನೆಲ್ಲ ಮಾಡುವವರ ಪಾಠಗಳನ್ನು ಮೊಬೈಲಿನಲ್ಲಿ ನೋಡುತ್ತಿದ್ದರು. ಎಲ್ಲ ಇಂಗ್ಲಿಷಿನಲ್ಲಿ! ಓದಿದ್ದು ಎಸ್ಸೆಸ್ಸೆಲ್ಸಿ. ಅರ್ಥವಾಗುತ್ತದೆಯೇ ಎಂದು ಕೇಳಿದೆ. "ಮಾತು ಅರ್ಥ ಆಗಾಕಿಲ್ಲ ಮಗ. ನಟ್ಟು ಅರ್ಥ ಆಯ್ತದೆ," ಎಂದರು.

ಹಲ್ಲಿಯ ಪಾದ ನೋಡಲು ಸ್ಟೂಲಿನ ಮೇಲೆ ಗಂಟೆಗಟ್ಟಲೆ ನಿಂತರು. ಒಂದು ದಿನ ಹಲ್ಲಿ ಅವರ ಬೋಳುತಲೆಯ ಮೇಲೆಯೇ ಬಿತ್ತು. "ಅಯ್ಯೋ, ಪಂಚಾಂಗ ನೋಡ್ರವ್ವ! ತಲೆಗೆ ನೀರು ಉಯ್ಕೊಳ್ಳಿ!" ಎಂದು ಅತ್ತೆ ಕೂಗಾಡುತ್ತಿದ್ದರೆ, ಮಾವ "ಅದರ ಪಾದ ಯಾಕೆ ಜಾರ್ತು?" ಎನ್ನುತ್ತಾ ಹಲ್ಲಿಯ ಹಿಂದೆ ಮಂಚದ ಕೆಳಗೆ ನುಗ್ಗಿದರು. ಹಲ್ಲಿ ಬಿದ್ದ ಫಲವೇನೆಂದು ಪಕ್ಕದ ಮನೆಯವರು ಸಂಜೆ ವಿಚಾರಿಸಿದರು. ಮಾವ ಗಂಭೀರವಾಗಿ ಹೇಳಿದರು: "ಗೋಡೆ ಸುಣ್ಣ ಉದುರ್ತೈತೆ. ಪೇಂಟ್ ಹೊಡಿಸ್ಬೇಕು. ಅದೇ ಫಲ."

ಮೊದಲು ಕಾಲಿನ ಯಂತ್ರ ಮಾಡಿ ಕಲಿತರೆ ಕೈಯದು ಸುಲಭ ಎಂದು ಅವರ ಲೆಕ್ಕ. ಚನ್ನರಾಯಪಟ್ಟಣದ ಗೆಳೆಯನ ವೆಲ್ಡಿಂಗ್ ಅಂಗಡಿಯಲ್ಲಿ ಒಂದು ಕಬ್ಬಿಣದ ಚೌಕಟ್ಟು ಮಾಡಿಸಿ, ತಮ್ಮ ಕಾಲಿಗೇ ಕಟ್ಟಿಕೊಂಡು, ಮೇಲೆ ಪಂಚೆ ಉಟ್ಟು ಬಸ್ಸು ಹತ್ತಿದರು. ಹತ್ತಿದ ಕೂಡಲೇ ಮಂಡಿಯ ಕೀಲು ಕಚ್ಚಿಕೊಂಡಿತು.

"ಕೂತ್ಕಳಿ ಸಾ, ಸೀಟ್ ಖಾಲಿ ಐತೆ," ಎಂದ ಕಂಡಕ್ಟರ್.

"ಮಂಡಿ ಬಗ್ಗಾಕಿಲ್ಲ ಕಣಪ್ಪ."

"ಅಯ್ಯೋ ಪಾಪ. ಅಂಗವಿಕಲರ ಪಾಸ್ ಐತಾ?"

"ಕಾಲು ಚೆನ್ನಾಗವೆ ಕಣ್ಲಾ! ಕಾಲು ಇನ್ನೂ ಚೆನ್ನಾಗಿರ್ಲಿ ಅಂತ ಹಾಕ್ಕಂಡಿರೋ ಮಿಷನ್ ಕೆಟ್ಟೈತೆ!"

ಊರು ಬರುವ ತನಕ ನಿಂತೇ ಬಂದರು. ಇಳಿಸಲು ನಾಲ್ಕು ಜನ ಬೇಕಾಯಿತು. ಕೆಟ್ಟು ನಿಂತ ಬಸ್ಸುಗಳನ್ನು ಜೀವಮಾನವಿಡೀ ತಳ್ಳಿಸಿದ ಮನುಷ್ಯನನ್ನು ಆ ದಿನ ಬಸ್ಸಿನವರೇ ತಳ್ಳಿದರು!

ಆಮೇಲೆ ಹಾಸನದ ಒಂದು ಎಂಜಿನಿಯರಿಂಗ್ ಕಾಲೇಜಿಗೆ ಹೋಗಿ, ಈ ವಿಷಯ ಕಲಿಸುವ ಮೇಡಂ ಒಬ್ಬರ ತರಗತಿಯ ಕೊನೆಯ ಬೆಂಚಿನಲ್ಲಿ ಕುಳಿತುಬಿಟ್ಟರು. ಯಾರೋ ವಿದ್ಯಾರ್ಥಿಯ ತಂದೆ ದೂರು ಹೇಳಲು ಬಂದಿದ್ದಾರೆಂದು ಮೇಡಂ ಮೂರು ದಿನ ಸುಮ್ಮನಿದ್ದರಂತೆ. ನಾಲ್ಕನೆಯ ದಿನ ಕೇಳಿದರು. ವಿಷಯ ತಿಳಿದ ಮೇಲೆ, ನಿಮ್ಮ ಮನೆಯವರನ್ನು ಒಮ್ಮೆ ಕರೆದುಕೊಂಡು ಬನ್ನಿ ಎಂದರು.

ನಾವು ಮೂವರೂ ಹೋದೆವು. ಅತ್ತೆಯ ತಲೆಗೆ ತುಂಬ ವೈರುಗಳಿದ್ದ ಟೋಪಿ ಹಾಕಿದರು. "ಅಮ್ಮ, ಬಲಗೈ ಮುಷ್ಟಿ ಮುಚ್ಚುತ್ತಿದ್ದೀರಿ ಅಂತ ಮನಸ್ಸಿನಲ್ಲಿ ಅಂದುಕೊಳ್ಳಿ," ಎಂದರು ಮೇಡಂ. ಅತ್ತೆ ಕಣ್ಣು ಮುಚ್ಚಿದರು. ಪರದೆಯ ಮೇಲಿನ ಗೆರೆಗಳಲ್ಲಿ ಏನೂ ಬದಲಾಗಲಿಲ್ಲ. ಹತ್ತು ಸಲ ನೋಡಿದರು, ಇಲ್ಲ. ಮೇಡಂ ಮುಖ ಸಪ್ಪಗಾಯಿತು.

ಆಗ ಮಾವ ಎದ್ದು ನಿಂತರು. "ಮೇಡಂ, ಅವಳು ಯಾವತ್ತು ಸುಮ್ಕೆ ಮುಷ್ಟಿ ಮುಚ್ಚವ್ಳೆ? ಮುದ್ದೆ ಮುರಿ ಅನ್ನಿ."

ಮೇಡಂ ಹಾಗೇ ಹೇಳಿದರು. ಗೆರೆ ಕುಣಿಯಿತು! ವಿದ್ಯಾರ್ಥಿಗಳು ಚಪ್ಪಾಳೆ ತಟ್ಟಿದರು. ಮಾವ ಎದೆಯುಬ್ಬಿಸಿ, "ಎಂಗೆ? ಎಂಥಾ ಮುದ್ದೆ ನೆನಸ್ಕಂಡೆ?" ಎಂದು ಕೇಳಿದರು.

"ಮುದ್ದೆ ಎಲ್ಲಿ ಬಂತು? ನಿಮ್ಮ ತಲೆ ಮ್ಯಾಲೆ ಕುಟ್ಟೋದ ನೆನಸ್ಕಂಡೆ," ಎಂದರು ಅತ್ತೆ.

ಬಲಗೈ ಮಿದುಳಿನಲ್ಲಿ ಇನ್ನೂ ಬದುಕಿದೆ ಎಂಬುದು ನಮಗೆ ತಿಳಿದದ್ದು ಹೀಗೆ.

ಆಮೇಲೆ ಕೈಗವಸು ತಯಾರಾಯಿತು. ಬೆರಳುಗಳನ್ನು ಎಳೆಯಲು ನರದ ಬದಲು ಸೈಕಲ್ಲಿನ ಬ್ರೇಕ್ ವೈರು, ಆ ವೈರು ಎಳೆಯುವುದಕ್ಕೆ ಪುಟ್ಟ ಮೋಟರುಗಳು, ಪರೀಕ್ಷೆಗೆ ಸದ್ಯಕ್ಕೆ ಒಂದು ಸ್ವಿಚ್ಚು. ಹೊಲಿಗೆ ನನ್ನದು. ಮಾವನ ಮೊಬೈಲಿನ ಚಿತ್ರಗಳಲ್ಲಿ ನೋಡಿದಂತೆಯೇ ಐದೂ ಬೆರಳು ಮುಚ್ಚಿ ಹೊಲಿದೆ. ಮೊದಲ ಪರೀಕ್ಷೆಗೆ ಮಾವ ತಾವೇ ತೊಟ್ಟು ಬಿಸಿ ಮುದ್ದೆಗೆ ಕೈ ಹಾಕಿದರು. ಬೆರಳು ಮಡಚಿದವು, ಬಿಚ್ಚಲಿಲ್ಲ. ಹಿಟ್ಟು ಬಟ್ಟೆಗೂ ವೈರಿಗೂ ಮೆತ್ತಿಕೊಂಡು ಸಂಜೆಯ ಹೊತ್ತಿಗೆ ಗಾರೆಯಂತೆ ಒಣಗಿತು. ನಾನು ಕತ್ತರಿ ಹಿಡಿದು ಕೈ ಬಿಡಿಸಬೇಕಾಯಿತು.

"ಅಲ್ಲ ಮಾವ, ಆ ಚಿತ್ರದವರು ಉಣ್ಣೋದು ಸ್ಪೂನಲ್ಲಿ. ನಾವು ಬೆರಳ ತುದೀಲಿ ಉಣ್ಣೋರು," ಎಂದೆ. ಮಾವ "ಇಷ್ಟು ದಿನ ಬಾಯಲ್ಲಿ ದಾರ ಕಚ್ಚಿಕೊಂಡಿದ್ಯಾ ಕೂಸೇ?" ಎಂದು ಬೈದರು. ಬೆರಳ ತುದಿಗಳನ್ನು ಕತ್ತರಿಸಿ ಅಂಚು ಹೊಲಿದೆ.

ಉಳಿದದ್ದು ಹೆಬ್ಬೆರಳು. ಅದು ಎಲ್ಲ ಕಡೆಗೂ ತಿರುಗುತ್ತದೆ, ವೈರಿಗೆ ಸಿಗುವುದಿಲ್ಲ. ಅದಕ್ಕೇ ಏಡಿ ಬಂದದ್ದು. ಒಂದು ಬೆಳಗ್ಗೆ ಟಬ್ಬಿನ ಹತ್ತಿರದಿಂದ ಕೂಗಿದರು: "ಬಾ ಇಲ್ಲಿ! ಏಡಿ ಇಕ್ಕಳದ ಎರಡು ಕಡೇಲಿ ಒಂದೇ ಅಲ್ಲಾಡೋದು ಕಣ! ಇನ್ನೊಂದು ಸುಮ್ಕೆ ನಿಂತಿರ್ತೈತೆ. ಒಂದು ಗಟ್ಟಿಯಾಗಿ ನಿಂತ್ರೆ ಸಾಕು, ಇನ್ನೊಂದು ಹಿಡ್ಕತೈತೆ." ಸದ್ಯಕ್ಕೆ ಹೆಬ್ಬೆರಳನ್ನು ನಿಲ್ಲಿಸು, ಅಲ್ಲಾಡಿಸುವುದನ್ನು ಆಮೇಲೆ ನೋಡೋಣ ಎಂದರು. ಕಾಲರಿಗೆ ಹಾಕುವ ದಪ್ಪ ಬಟ್ಟೆಯನ್ನು ನಾಲ್ಕು ಪದರ ಸೇರಿಸಿ ಹೆಬ್ಬೆರಳನ್ನು ನಿಲ್ಲಿಸಿದೆ. ಗುರುವನ್ನು ಅಂದೇ ಮರ್ಯಾದೆಯಿಂದ ಹೊಳೆಗೆ ಬಿಟ್ಟು ಬಂದರು.

ಅದಾಗಿ ಒಂದು ವಾರಕ್ಕೆ ಮಾವ ಹೋದರು. ಬೆಳಗ್ಗೆ ಕಾಫಿ ಕುಡಿದು, ಎದೆ ಹಿಡಿದುಕೊಂಡು ಕುಳಿತವರು ಮತ್ತೆ ಏಳಲಿಲ್ಲ.

ಮಣ್ಣಿಗೆ ಅರಕಲಗೂಡಿನಿಂದ ಬಂದಿದ್ದ ಅವರ ದೊಡ್ಡಕ್ಕ ನನ್ನ ಪಕ್ಕ ಕುಳಿತು ಒಂದು ಮಾತು ಹೇಳಿದರು. ಅದಕ್ಕೂ ಮೊದಲು, ನಾನು ನಿಮಗೆ ಹೇಳದೇ ಬಿಟ್ಟ ಒಂದು ವಿಷಯ: ಅತ್ತೆ ಪಂಕ್ತಿ ಬಿಟ್ಟ ಆ ಮೂರು ವರ್ಷ ಮಾವನ ಹೊಟ್ಟೆ ಮದುವೆಮನೆಗಳಲ್ಲಿ ಮಾತ್ರ ಕೆಡುತ್ತಿತ್ತು. ಮುಯ್ಯಿ ಕೊಟ್ಟು, "ಹೊಟ್ಟೆ ಸರಿ ಇಲ್ಲ" ಎಂದು ಬಂದುಬಿಡುತ್ತಿದ್ದರು. ನಾವೆಲ್ಲ ಆಡಿಕೊಂಡು ನಗುತ್ತಿದ್ದೆವು. ದೊಡ್ಡಕ್ಕ ಹೇಳಿದರು: "ಓದ ವಾರ ನಮ್ಮನೆ ಬೀಗರೂಟದಲ್ಲೂ ಉಣ್ನಿಲ್ಲ ಕಣವ್ವ. ಕೈ ಹಿಡಿದು ಎಳುದ್ರೆ, 'ಅವಳು ಪಂಕ್ತೀಲಿ ಕೂರೋಗಂಟ ನಾನೂ ಕೂರಾಕಿಲ್ಲ ಕನಕ್ಕ' ಅಂದ."

ಮೇಡಂ ಮತ್ತು ಅವರ ವಿದ್ಯಾರ್ಥಿಗಳು ಕೆಲಸ ಬಿಡಲಿಲ್ಲ. ವಾರಕ್ಕೊಮ್ಮೆ ಬಂದರು. ವೈರುಗಳ ಟೋಪಿಯನ್ನು ಅವರು ತೆಳ್ಳಗಿನ ತಲೆಪಟ್ಟಿಯಾಗಿಸಿ ಕೈಗವಸಿಗೆ ಜೋಡಿಸಿದರು; ಅದು ಸೆರಗಿನೊಳಗೆ ಮುಚ್ಚಿಹೋಗುವಂತೆ ನಾನು ಹೊಲಿದೆ. ಬ್ಯಾಟರಿ ಅತ್ತೆಯ ಸೊಂಟದ ಎಲೆಅಡಿಕೆ ಚೀಲದೊಳಗೆ ಹೋಯಿತು.

ಈ ಸಲ ಪಕ್ಷದ ಹಬ್ಬಕ್ಕೆ ಮಾವನ ಫೋಟೋ ಮುಂದೆ ಎಡೆ ಇಟ್ಟೆವು. ನೆಂಟರೆಲ್ಲ ಪಂಕ್ತಿಯಲ್ಲಿ ಕುಳಿತರು. ಅತ್ತೆ ಬಂದು, ದೊಡ್ಡಕ್ಕನ ಪಕ್ಕದಲ್ಲಿ ಕುಳಿತುಕೊಂಡರು. ಕೈಗವಸು ತೊಟ್ಟ ಬಲಗೈಯನ್ನು ಎಲೆಯ ಮೇಲಿಟ್ಟರು. ಅತ್ತೆ ಕಣ್ಣು ಮುಚ್ಚಿದರು. ಮೋಟರು ಸಣ್ಣಗೆ ಗುಯ್‌ಗುಟ್ಟಿತು. ನಾಲ್ಕು ಬೆರಳು ನಿಧಾನವಾಗಿ ಮಡಚಿ, ನಿಂತ ಹೆಬ್ಬೆರಳಿಗೆ ಬಂದು ಒತ್ತಿದವು. ಮುದ್ದೆ ಮುರಿಯಿತು. ಮೊದಲ ತುತ್ತು ಸಾರಿಗೇ ಬಿತ್ತು. ಎರಡನೆಯದು ಬಾಯಿಗೆ ಹೋಯಿತು.

ಅತ್ತೆ ಫೋಟೋ ಕಡೆ ನೋಡಿ ಹೇಳಿದರು: "ನಾನು ಕೂತಿದೀನಿ. ಇನ್ನು ನೀವೂ ಉಣ್ಣಿ."

ಚನ್ನರಾಯಪಟ್ಟಣದಿಂದ ಇನ್ನಿಬ್ಬರು ಕೈಗವಸು ಕೇಳಿಕೊಂಡು ಬಂದಿದ್ದಾರೆ. ಒಂದನ್ನು ಹೊಲಿದು ಮುಗಿಸಿದೆ. ಇನ್ನೊಂದು ಮಿಷನ್ ಮೇಲಿದೆ. ಮೇಡಂ ಹೊಸ ಮೋಟರು ತರಿಸುತ್ತಿದ್ದಾರೆ.

ಹೆಬ್ಬೆರಳು ಇನ್ನೂ ಅಲ್ಲಾಡುವುದಿಲ್ಲ.